ಜೀಪಿನಲ್ಲಿದ್ದ ಗಂಟು

೨೧ ಡಿಸೆಂಬರ್ ೧೯೬೦, ಬುಧವಾರ
ಪಾಸ್ ಕೈಗೆ ಬಂತು. ಮೂವರು, ಒಂದು ಜೀಪು, ದಾಂಡೇಲಿ ಕಾಡಿನ ಬಂಗಲೆಯಲ್ಲಿ ಎರಡು ದಿನ. ಟೈಪ್ ಮಾಡಿದವನು ನಾನೇ, ಸಾಹೇಬರ ಸಹಿ ಹಾಕಿಸಿದವನೂ ನಾನೇ. ‘ಜವಾಬ್ದಾರಿ’ ಎಂಬಲ್ಲಿ ನನ್ನ ಹೆಸರು. ಅರಣ್ಯ ಕಚೇರಿಯ ಗುಮಾಸ್ತ ಜೊತೆಗಿರುವಾಗ ಇನ್ಯಾರ ಹೆಸರು ಹಾಕುತ್ತಾರೆ! ನೌಕರಿ ಖಾಯಂ ಆಗಿ ನಾಲ್ಕೇ ತಿಂಗಳು...

ಜೀಪು ಶಾಂತಯ್ಯನ ಅಪ್ಪನದು. ಹುಬ್ಬಳ್ಳಿಯ ಹತ್ತಿ ವ್ಯಾಪಾರದ ಮನೆ. ಹೋಗೋಣವೆಂದು ಹಟ ಹಿಡಿದವನು ಶಾಂತಯ್ಯನೇ. ಕಾಲೇಜಿನಲ್ಲಿ ನಾಯಿ ಕಂಡರೆ ರಸ್ತೆ ದಾಟುತ್ತಿದ್ದವನಿಗೆ ಈಗ ಕಾಡುಪ್ರಾಣಿ ನೋಡುವ ಹುಚ್ಚು ಯಾಕೆ?

೨೪ ಶನಿವಾರ, ಹಳಿಯಾಳ, ೧೧ ಗಂಟೆ
ಚಹಾಕ್ಕೆ ನಿಂತಿದ್ದೇವೆ. ಮುಗದದಲ್ಲಿ ಮಡಿವಾಳಪ್ಪನನ್ನು ಹತ್ತಿಸಿಕೊಂಡೆವು. ಡ್ರಾಯಿಂಗ್ ಮಾಸ್ತರ, ಮೂವರಲ್ಲಿ ಖುಷಿಯಾಗಿರುವವನು ಅವನೊಬ್ಬನೇ.

ಜೀಪಿನ ಹಿಂದೆ ಉದ್ದನೆಯ ಗಂಟು. ಗೋಣಿತಟ್ಟು ಸುತ್ತಿ ಹಗ್ಗ ಬಿಗಿದದ್ದು. ಮಡಿವಾಳಪ್ಪ ಅದರ ಮೇಲೆ ಕಾಲಿಟ್ಟ. ಶಾಂತಯ್ಯ ಜೀಪು ನಿಲ್ಲಿಸಿಯೇ ಬಿಟ್ಟ.

“ಕಾಲ ತಗಿಯೋ!”

“ಏನೈತೋ ಅದರಾಗ?”

“ಟೆಂಟಿನ ಸಾಮಾನ.”

ಬಂಗಲೆ ಇರುವಾಗ ಟೆಂಟು? ಅವನು ಚಹಾ ಹೇಳಲು ಹೋದಾಗ ಮುಟ್ಟಿ ನೋಡಿದೆ. ಗಟ್ಟಿ. ಬಂದೂಕಿನಷ್ಟು ಉದ್ದ. ಅವರ ಮನೆಯಲ್ಲಿ ಎರಡು ಬಂದೂಕುಗಳಿವೆ — ದಸರೆಗೆ ಪೂಜೆಗಿಟ್ಟಿದ್ದನ್ನು ಕಂಡಿದ್ದೇನೆ.

ಸಂಜೆ ೫.೩೦, ಬಂಗಲೆ
ದಾರಿಯಲ್ಲಿ ಕಾಡುಕೋಣಗಳು. ಹನ್ನೊಂದು. ರಸ್ತೆ ನಮ್ಮದಲ್ಲ, ಅವುಗಳದು ಎಂಬಂತೆ ನಿಂತು ನೋಡಿದವು. ಮಡಿವಾಳಪ್ಪ ಉಸಿರು ಬಿಡದೆ ಚಿತ್ರ ಬರೆದ. ಶಾಂತಯ್ಯ ಗಡಿಯಾರ ನೋಡುತ್ತಿದ್ದ!

ಬಂದವನೇ ಗಾರ್ಡ್ ಶಿದ್ದಪ್ಪನನ್ನು ಕೇಳಿದ: “ಕಟ್ಟಿಗಿ ಡಿಪೋದ ಹಾದಿ ಯಾವುದ್ರಿ?”

“ಆ ಕಡೆ ಹೋಗಂಗಿಲ್ರಿ. ನಿಮ್ಮ ಪಾಸಿನ್ಯಾಗ ಇಲ್ಲ.”

ಶಾಂತಯ್ಯನ ಬಳಿ ಒಂದು ಡಬ್ಬಿಯೂ ಇದೆ. ಅಂಟಿನುಂಡೆ, ತುಪ್ಪದ ವಾಸನೆ. ಮಡಿವಾಳಪ್ಪ ಒಂದು ಕೇಳಿದರೂ ಕೊಡಲಿಲ್ಲ. ಯಾರಿಗೆ? ಬೇಟೆ ತೋರಿಸುವವರಿಗೆ ಲಂಚವೇ?

ಗುಂಡು ಹಾರಿದರೆ ಮೊದಲು ಹೋಗುವುದು ನನ್ನ ನೌಕರಿ.

೨೫ ಭಾನುವಾರ, ಮಧ್ಯಾಹ್ನ ೨
ಬೆಳಿಗ್ಗೆ ಮಡಿವಾಳಪ್ಪ ಶಿದ್ದಪ್ಪನ ಚಿತ್ರ ಬರೆದು ಕೊಟ್ಟ. ಇಬ್ಬರೂ ನಗುತ್ತ ಕೂತಿದ್ದರು. ಊಟವಾದ ಮೇಲೆ ಶಾಂತಯ್ಯನಿಗೆ ತಲೆನೋವಂತೆ. “ನೀವ ಹೊಳಿಗೆ ಹೋಗಿ ಬರ್ರಿ.” ಹೋದೆವು. ಮರಳ ಮೇಲೆ ಮೊಸಳೆ, ಬಾಯಿ ತೆರೆದು ಬಿದ್ದಿತ್ತು. ನೋಡುತ್ತಿರುವಾಗಲೇ ದೂರದಲ್ಲಿ ಜೀಪು ಶುರುವಾದ ಸದ್ದು.

ಮಡಿವಾಳಪ್ಪನನ್ನು ಅಲ್ಲೇ ಬಿಟ್ಟು ಓಡಿ ಬಂದೆ. ಜೀಪಿಲ್ಲ. ಗಂಟಿಲ್ಲ.

ಶಿದ್ದಪ್ಪನಿಗೆ ಹೇಳಿದೆ. “ಬಂದೂಕ ಐತಿ ಅಂತ ಅನಸ್ತೈತ್ರಿ. ನನ್ನ ಹೆಸರ ಹೇಳಬ್ಯಾಡ್ರಿ.” ಇನ್ನಿಬ್ಬರು ಗಾರ್ಡುಗಳನ್ನು ಕರೆದುಕೊಂಡು ಡಿಪೋ ಕಡೆ ಹೋಗಿದ್ದಾನೆ. ತಪ್ಪೇನಿದೆ? ಪಾಸು ನನ್ನ ಹೆಸರಿನಲ್ಲಿದೆ.

ಸಂಜೆ ೬
ತೊಟ್ಟಿಲು.

ಗಂಟಿನಲ್ಲಿದ್ದದ್ದು ಬಿಡಿ ಬಿಡಿಯಾಗಿ ಬಿಚ್ಚಿ ಕಟ್ಟಿದ ಕಲಘಟಗಿ ತೊಟ್ಟಿಲು, ಬಣ್ಣದ ಮರದ್ದು. ಶಿದ್ದಪ್ಪನೇ ನಗುತ್ತ ಹೇಳಿದ. ಶಾಂತಯ್ಯ ಮೆಟ್ಟಿಲ ಮೇಲೆ ಕೂತು ಉಳಿದದ್ದನ್ನು ಹೇಳಿದ. ತಂಗಿ ಮುರಿಗೆವ್ವ ಸೊಲ್ಲಾಪುರದಲ್ಲಿದ್ದಾಳೆಂದು ಅವರ ಮನೆಯವರು ಊರಿಗೆಲ್ಲ ಹೇಳಿದ್ದರು. ಸುಳ್ಳು. ಅವರದೇ ಲಾರಿಯ ಡ್ರೈವರ್ ಬೀರಲಿಂಗಪ್ಪನ ಜೊತೆ ಹೋದವಳು. ಜಾತಿ ಬೇರೆ. ಅವನು ಈಗ ಡಿಪೋದಲ್ಲಿ ಕಟ್ಟಿಗೆ ಲಾರಿ ಓಡಿಸುತ್ತಾನೆ. ಹೆಣ್ಣು ಕೂಸು, ಹನ್ನೆರಡು ದಿನ. ಅಂಟಿನುಂಡೆ ಬಾಣಂತಿಗೆ.

“ಅಪ್ಪಗ ಗೊತ್ತಾದ್ರ ಬೀರಲಿಂಗನ್ನ ಉಳಸಂಗಿಲ್ರೋ” ಎಂದ.

ಶಿದ್ದಪ್ಪ ಪುಸ್ತಕ ತೆಗೆದ. ಬಂದೂಕಿರಲಿಲ್ಲ, ಸರಿ, ಆದರೆ ಪಾಸಿಲ್ಲದ ರಸ್ತೆ. ಜೀಪಿನ ಮಾಲೀಕರ ಹೆಸರು, ಜೀಪು ಸಿಕ್ಕ ಜಾಗ — ಎಲ್ಲ ಬರೆದುಕೊಂಡ.

೪ ಜನವರಿ ೧೯೬೧, ಬುಧವಾರ
ಕಾಗದ ನನ್ನ ಟೇಬಲ್ಲಿಗೇ ಬಂತು. ಜೀಪಿನ ಮಾಲೀಕರಿಗೆ, ಅಂದರೆ ಶಾಂತಯ್ಯನ ಅಪ್ಪನಿಗೆ, ನೋಟೀಸು. ‘ಡಿಪೋದ ಡ್ರೈವರ್ ಬೀರಲಿಂಗಪ್ಪ ಎಂಬವನ ಗುಡಿಸಲ ಮುಂದೆ ಜೀಪು ನಿಂತಿದ್ದು...’ ಟೈಪ್ ಮಾಡಬೇಕಾದವನು ನಾನು. ಡ್ರಾಯರಿನಲ್ಲಿಟ್ಟೆ.

೬ ಶುಕ್ರವಾರ
ಸಾಹೇಬರು ನನ್ನನ್ನು ಕರೆದು ಕೇಳಿದರು: “ಉಡಚಪ್ಪ, ಆ ನೋಟೀಸ ಹೋತೇನ್ರಿ?”

“ಇವತ್ತ ಹೋಗ್ತೈತ್ರಿ ಸಾಹೇಬ್ರ.”

ಹೋಯಿತು.

೧೭ ಮಂಗಳವಾರ
ಸಂಜೆ ಮಾಳಮಡ್ಡಿಯ ನನ್ನ ಕೋಣೆಗೆ ಶಾಂತಯ್ಯ ಬಂದ. ಗಡ್ಡ ಬೆಳೆದಿದೆ. ಅಪ್ಪ ನಾಲ್ವರನ್ನು ಕಟ್ಟಿಕೊಂಡು ಡಿಪೋಕ್ಕೆ ಹೋಗಿದ್ದರಂತೆ. ಗುಡಿಸಲು ಖಾಲಿ. ಹಿಂದಿನ ದಿನವೇ ಯಾರೋ ಸುದ್ದಿ ಮುಟ್ಟಿಸಿದ್ದರು. ತಿಂಗಳ ಬಾಣಂತಿ, ಗಂಡ, ಕೂಸಿನ ಜೊತೆ ಯಾರದೋ ಲಾರಿ ಹತ್ತಿ ಹೋದಳು. ಎಲ್ಲಿಗೆ? ಅವನಿಗೂ ಗೊತ್ತಿಲ್ಲ.

“ನೋಟೀಸ ನಿಮ್ಮ ಕಚೇರಿದು. ನಿನ್ನ ಕೈ ಮೀರಿ ಹೋಗಿರಬೇಕು, ಗೊತ್ತೈತಿ ಬಿಡು. ಗಾರ್ಡಗ ಹೇಳಿದಾವಾ ಆ ಮಡಿವಾಳ. ಚಿತ್ರಾ ಬರಕೊಟ್ಟು ದೋಸ್ತಿ ಮಾಡಿದ್ನಲ್ಲ! ಇನ್ನ ಅವನ ಮಾರಿ ನೋಡಂಗಿಲ್ಲ.”

ಚಹಾ ಕಾಯಿಸಿ ಕೊಟ್ಟೆ. ಅಷ್ಟೇ ಮಾಡಿದೆ.

೨೨ ಭಾನುವಾರ
ಮುಗದಕ್ಕೆ ಹೋಗಿದ್ದೆ. ಮಡಿವಾಳಪ್ಪ ಕಟ್ಟೆಯ ಮೇಲೆ ಕೂತಿದ್ದ. ಬಾಯಿ ತೆರೆಯುವ ಮೊದಲೇ ಅಂದ:

“ಹೊಳಿಯಿಂದ ನೀ ಓಡಿ ಹೋದಿ. ನನಗ ಅವತ್ತ ಗೊತ್ತಾತು.”

“ಮತ್ತ ಶಾಂತಯ್ಯಗ ಯಾಕ ಹೇಳಲಿಲ್ಲ?”

“ಹೇಳಾವಾ ನೀನಪಾ. ನಾ ಹೇಳಿದ್ರ ಚಾಡಿ ಆಗ್ತೈತಿ.”

ಅವನ ಹೆಂಡತಿ ಫಕೀರವ್ವ ರೊಟ್ಟಿ ಬಡಿಸಿದಳು. ಉಣ್ಣದೆ ಏಳಲು ಬಿಡಲಿಲ್ಲ.

೨೩ ಸೋಮವಾರ
ರಜೆ ಹಾಕಿ ಹುಬ್ಬಳ್ಳಿಗೆ ಹೋದೆ. ಶಾಂತಯ್ಯ ಅಂಗಡಿಯಲ್ಲಿ ಒಬ್ಬನೇ ಇದ್ದ. ಎದ್ದು ಕುರ್ಚಿ ಕೊಟ್ಟ. ಕೂರಲಿಲ್ಲ. ನಿಂತೇ ಹೇಳಿದೆ — ಗಾರ್ಡಿಗೆ ಹೇಳಿದ್ದು, ನೋಟೀಸು ಟೈಪ್ ಮಾಡಿದ್ದು, ಎರಡು ದಿನ ಇಟ್ಟುಕೊಂಡು ಆಮೇಲೆ ಕಳಿಸಿದ್ದು. ಬೈಯುತ್ತಾನೆ, ಹೊಡೆಯುತ್ತಾನೆ ಎಂದುಕೊಂಡಿದ್ದೆ. ಹೊಡೆದಿದ್ದರೆ ಚೆನ್ನಾಗಿತ್ತು.

ಕೊಟ್ಟ ಕುರ್ಚಿಯನ್ನು ಗೋಡೆಗೆ ಸರಿಸಿದ. ಆಮೇಲೆ ಮೆಲ್ಲಗೆ:

“ಮಡಿವಾಳಗ ಟೆಂಟ ಅಂತ ಸುಳ್ಳ ಹೇಳ್ದೆ, ಖರೇ. ಅವನ ಬಾಯಾಗ ಮಾತ ನಿಲ್ಲಂಗಿಲ್ಲ ಅಂತ. ನೀ ಎರಡ ದಿನಾ ನನ್ನ ಬಾಜೂಕ ಕುಂತಿದ್ದಿ. ಒಮ್ಮೆ ಕೇಳಿದ್ರ ಹೇಳ್ತಿದ್ದೆ. ನಿನ್ನೂ ಕರಕೊಂಡ ಹೋಗಿ ಕೂಸಿನ್ನ ತೋರಸಬೇಕಂತಿದ್ದೆ... ಯಾಕ ಕೇಳಲಿಲ್ಲೋ ಉಡಚಪ್ಪ?”

ಅಂಗಡಿಯಿಂದ ಹೊರಬಿದ್ದೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಯೋಚಿಸಿದೆ. ಕೇಳಬಹುದಿತ್ತು. ಕೇಳಲಿಲ್ಲ, ಯಾಕೆಂದರೆ ನಾನು ಗೆಳೆಯನನ್ನಲ್ಲ, ಪಾಸಿನ ಮೇಲಿದ್ದ ನನ್ನ ಹೆಸರನ್ನಷ್ಟೇ ನೋಡುತ್ತಿದ್ದೆ.