ದನದ ಆಸ್ಪತ್ರೆಯ ಫ್ರಿಜ್ಜಿನಲ್ಲಿ ನನ್ನ ಇಂಟರ್‌ಫೆರಾನ್

ಜೀರಹಳ್ಳಿ, ಗುರುವಾರ

ಸೊಸೆ ಮಧುಶ್ರೀಗೆ ಮಾವನ ಆಶೀರ್ವಾದ.

ನಿನ್ನ ಲ್ಯಾಬಿನ ಗಾಜಿನ ತಟ್ಟೆಯಲ್ಲಿ ನನ್ನ ಔಷಧಿ ಇಂಟರ್‌ಫೆರಾನ್ ಬಿದ್ದೊಡನೆ ರಕ್ತದ ಕ್ಯಾನ್ಸರ್ ಕಣಗಳು ತೆಪ್ಪಗಾಗುತ್ತವಂತೆ. ವೆರಿ ಮಚ್ ಗ್ಲಾಡ್. ಅವಕ್ಕೇನು, ಜ್ವರ ಬರುವುದಿಲ್ಲ, ಮೈಕೈ ನೋಯುವುದಿಲ್ಲ. ವಾರವಾರ ಅದನ್ನು ಚುಚ್ಚಿಸಿಕೊಳ್ಳುವ ನನಗೆ ಬರುತ್ತದೆ. ತಪ್ಪಿಸಿದರೆ ರಕ್ತ ಮತ್ತೆ ಕೆಡುತ್ತದೆಂದು ನೀನು ಹೆದರಿಸಿದ್ದರೂ, ಈ ವಾರದ ಸೂಜಿ ತಪ್ಪಿಸಲೆಂದೇ ಫ್ರಿಜ್ಜಿಲ್ಲದ ಗೆಳೆಯ ಷಡಕ್ಷರಿಯ ಮನೆಗೆ ಬೆಟ್ಟ ಹತ್ತಿ ಬಂದೆ. ನೀನು ಕೊಟ್ಟ ಡಬ್ಬಿಯ ಐಸ್ ಕರಗಿ ಔಷಧಿ ಕೆಡಲೆಂದು ಕಾಯುತ್ತಿದ್ದೆ. ಆ ಮಹಾನುಭಾವ ಔಷಧಿಯನ್ನು ದನದ ಆಸ್ಪತ್ರೆಯ ಫ್ರಿಜ್ಜಿನಲ್ಲಿಟ್ಟು ಬಂದ, ಕಾಲುಬಾಯಿ ರೋಗದ ಲಸಿಕೆಯ ಪಕ್ಕದಲ್ಲಿ! ವಾಟ್ ಎ ಕಂಪನಿ.

ನಿನ್ನೆ ನನ್ನನ್ನೂ ಎಳೆದುಕೊಂಡು ಅದನ್ನು ತರಲು ಹೋದರೆ ಅಲ್ಲಿನ ಕಾಂಪೌಂಡರ್ ನಾಗೇಶ, "ಯಾವ ದನುಕ್ಕೆ ಸೋಮಿ ಇದು?" ಎಂದ.

"ಈ ದನುಕ್ಕೇ ಕಣ್ಲಾ, ಚುಚ್ಚಿದ್ರೆ ಜರ ಬತ್ತದೆ," ಎಂದು ಷಡಕ್ಷರಿ ನನ್ನ ಬೆನ್ನು ತಟ್ಟಿದ.

"ಜರ ಬಂದ್ರೆ ಎಮ್ಮೆ ಆಲು ಕಮ್ಮಿ ಮಾಡ್ತದೆ. ಇವ್ರು ಏನ್ ಕಮ್ಮಿ ಮಾಡ್ತಾರೆ?"

"ಮಾತ ಕಮ್ಮಿ ಮಾಡ್ತಾನೆ. ನಮ್ಗೂ ವಸಿ ನೆಮ್ದಿ."

ಊರಿನ ನರ್ಸಮ್ಮ ಚುಚ್ಚಿದರು. ಜ್ವರ ಬಂತು, ಬೆಳಗಾಗುವಾಗ ಇಳಿಯಿತು. ಕಣ್ಣು ಬಿಟ್ಟರೆ ಷಡಕ್ಷರಿ ಒದ್ದೆ ಬಟ್ಟೆ ಹಿಡಿದು ತಲೆದೆಸೆಯಲ್ಲಿ ಕೂತಿದ್ದ. "ಏನಾರ ಮಾತಾಡ್ಲಾ, ನೀನು ಸುಮ್ಕೆ ಮನಗಿದ್ ನೋಡಿ ನನ್ ಜೀವ ಓಯ್ತು," ಎಂದ. ಕಾಲೇಜು ದಿನದಿಂದ ಬಾಯಿ ಮುಚ್ಚು ಎನ್ನುತ್ತಿದ್ದವನು!

ಈಗ ಮುದ್ದೆ ಸೇರುತ್ತಿದೆ. ಬಸ್ಸು ಹಾರ್ನ್ ಹೊಡೆಯುತ್ತಿದೆ, ಈ ಕಾರ್ಡು ಅದರಲ್ಲೇ ಹೋಗಬೇಕು. ಇನ್ನೊಂದು ವಾರ ಇಲ್ಲೇ ಇರುತ್ತೇನೆ. ಮುಂದಿನ ಸೂಜಿ ಕಳಿಸು, ನಾಗೇಶನಿಗೆ ಜಾಗ ಹಿಡಿದಿಡಲು ಹೇಳಿದ್ದೇನೆ.

ಯುವರ್ಸ್ ಮೋಸ್ಟ್ ಒಬೀಡಿಯೆಂಟ್ಲಿ,
ಮಾವ