ಬೀಸೋಕಲ್ಲಿನ ಎದುರುಬದುರು

ಕ್ಯಾತ್ಸಂದ್ರ
೨೦೦೮ರ ಆಷಾಢ

ನನ್ನ ಶಶಿರೇಖಾ,

ಮೊನ್ನೆ ತುಮಕೂರಿನ ಒಂದು ವಸ್ತುಪ್ರದರ್ಶನದಲ್ಲಿ ಬೀಸೋಕಲ್ಲನ್ನು ಗಾಜಿನ ಪೆಟ್ಟಿಗೆಯೊಳಗೆ ಇಟ್ಟಿದ್ದರು. ಜನ ಸಾಲಾಗಿ ಬಂದು, ಸುಮ್ಮನೆ ನೋಡಿ, ಸುಮ್ಮನೆ ಹೋದರು. ನೀನು ನೆನಪಾದೆ.

ತೊಂಬತ್ತಾರರಲ್ಲಿ ನೀನು ಟೀಚರಾಗಿದ್ದ ಗುಬ್ಬಿಯ ಶಾಲೆಯಲ್ಲಿ ಹಳೇ ಸಾಮಾನುಗಳ ಮ್ಯೂಸಿಯಂ ಮಾಡಿದೆವಲ್ಲ, ಮೊದಲು ನಾವೂ ಹಾಗೇ ಇಟ್ಟಿದ್ದೆವು. ನಮ್ಮಜ್ಜಿಯ ದೊಡ್ಡ ಬೀಸೋಕಲ್ಲು ಮೇಜಿನ ಮೇಲೆ, ಸುತ್ತ ಗಾಜು, ಮೇಲೊಂದು ಬಲ್ಬು. ಚೀಟಿ ಬರೆದವಳು ನಾನು: ‘ರಾಗಿಯ ರಾಶಿ, ಬೀಸಿದಳು ಕಾಶಿ’. ಕಾಶಿ ಯಾರೆಂದು ಯಾರೂ ಕೇಳಲಿಲ್ಲ. ಪ್ರಾಸಕ್ಕೆ ಬಂದವಳನ್ನು ಯಾರು ವಿಚಾರಿಸುತ್ತಾರೆ? ಬಂದವರು ಕೈಮುಗಿದರು. ಒಬ್ಬರು ಎಂಟಾಣೆಯನ್ನೂ ಇಟ್ಟು ಹೋದರು.

ನೀನು ಹೊಟ್ಟೆ ಹಿಡಿದು ನಕ್ಕೆ. ಆಮೇಲೆ ಗಾಜು ತೆಗೆಸಿ ಕಲ್ಲನ್ನು ನೆಲಕ್ಕಿಳಿಸಿದೆ. ಎದುರುಬದುರು ಎರಡು ಚಾಪೆ, ಪಕ್ಕದಲ್ಲಿ ಮೊರದ ತುಂಬ ರಾಗಿ. ‘ಇಬ್ರು ಕೂತ್ರೆ ತಾನೇ ಮಂಗಳಕ್ಕ, ಮಾತು ಬರೋದು’ ಅಂದೆ.

ಆಗ ನಿನ್ನ ಮದುವೆ ಹತ್ತಿರವಾಗಿತ್ತು. ಮನೆ ಪಾಲಾದಾಗಿನಿಂದ ನಮ್ಮವ್ವ ಕರಿಬಸಮ್ಮನಿಗೂ ಅವಳ ವಾರಗಿತ್ತಿ, ನಿಮ್ಮವ್ವ ಚೆನ್ನಮ್ಮನಿಗೂ ಮಾತಿರಲಿಲ್ಲ. ಮದುವೆಯ ಬೀಸೋಕಲ್ಲು ಶಾಸ್ತ್ರಕ್ಕೆ ದೊಡ್ಡಮ್ಮನೇ ಕೂರಬೇಕೆಂದು ನಿನ್ನ ಹಟ. ಅವರ ಹೊಸ್ತಿಲು ತುಳಿಯಲ್ಲವೆಂದು ನಮ್ಮವ್ವನ ಹಟ. ಪ್ರದರ್ಶನಕ್ಕೆ ಇಬ್ಬರನ್ನೂ ಕರೆದವಳು ನಾನು, ಒಬ್ಬರ ಸುದ್ದಿ ಇನ್ನೊಬ್ಬರಿಗೆ ಹೇಳದೆ.

ಅವ್ವ ತನ್ನ ಅತ್ತೆಯ ಕಲ್ಲು ಕಂಡದ್ದೇ ಕೂತು, ಗೂಟ ಹಿಡಿದು ಎಳೆದಳು. ಕಲ್ಲು ಅಳ್ಳಾಡಿತಷ್ಟೆ. ಚಿಕ್ಕಮ್ಮ ಬಾಗಿಲಲ್ಲೇ ನಿಂತಿದ್ದರು.

‘ನೋಡ್ತಾ ನಿಂತವ್ಳೆ, ಕೈ ಹಾಕಕ್ಕೇನು ರೋಗ?’ ಅವ್ವ ಗೋಡೆಗೆ ಹೇಳಿದಳು.

ಚಿಕ್ಕಮ್ಮ ಎದುರು ಕೂತು ಗೂಟ ಹಿಡಿದರು. ಕಲ್ಲು ತಿರುಗಿತು.

‘ಕಾಳು ಸಣ್ಣಕೆ ಹಾಕೇ. ನಿಮ್ಮಪ್ಪನ ಮನೇಲಿ ಕಲಿಸ್ಲಿಲ್ವಾ?’

‘ಕಲಿಸಿದ್ರು ಅಕ್ಕ. ನೀವು ಯಾವತ್ತು ಹಾಕಕ್ಕೆ ಬುಟ್ರಿ?’

ಬಂದ ಹೆಂಗಸರೆಲ್ಲ ಸುತ್ತ ಕೂತು ನಕ್ಕರು, ತಮ್ಮ ತಮ್ಮ ಅತ್ತೆಯರ ಸುದ್ದಿ ಬಿಚ್ಚಿದರು. ನಿನ್ನ ಶಾಲೆಯ ಮಕ್ಕಳು ಬೆಚ್ಚಗಿನ ಹಿಟ್ಟು ಮುಟ್ಟಿ ಪ್ರಶ್ನೆ ಕೇಳಿದರು. ಅವ್ವನ ಉತ್ತರ, ಚಿಕ್ಕಮ್ಮನ ತಿದ್ದುಪಡಿ. ನನ್ನ ಚೀಟಿ ಯಾರೂ ಓದಲಿಲ್ಲ.

ನೀನು ಗುಬ್ಬಿಯಲ್ಲೇ ಉಳಿದೆ. ಹಾಗಾಗಿ ಆಮೇಲಿನದು ನಿನಗೆ ಗೊತ್ತಿಲ್ಲ. ತುಮಕೂರಿನವರೆಗೂ ಇಬ್ಬರೂ ಬಸ್ಸಿನ ಒಂದೇ ಸೀಟಿನಲ್ಲಿ ಜಗಳವಾಡಿದರು. ಚಿಕ್ಕಮ್ಮ ಕುಣಿಗಲ್ ಬಸ್ಸು ಹತ್ತಿದ ಮೇಲೂ ಅವ್ವ ಬಿಡಲಿಲ್ಲ. ಹೊರಟ ಬಸ್ಸಿನ ಜೊತೆಗೇ ನಡೆಯುತ್ತ, ಕಿಟಕಿಗೆ ಕೂಗಿದಳು:

‘ಶಾಸ್ತ್ರದ ದಿನ ಕಲ್ಲು ನೀನು ತೊಳೀಬೇಡ ಕಣೇ, ನಾನೇ ಬಂದು ತೊಳೀತೀನಿ. ನೀನು ತೊಳೆಯೋ ಚೆಂದ ನಂಗೊತ್ತಿಲ್ವಾ!’

ನಿನ್ನ ಮನೆಯಲ್ಲಿ ಹಿಟ್ಟಿಗೂ ಮಾತಿಗೂ ಎಂದೂ ಬರ ಬಾರದಿರಲಿ.

ನಿನ್ನ ಅಕ್ಕ,
ಸರ್ವಮಂಗಳ