ನಡೆದೇ ನೋಡಬೇಕಾದ ಊರು

ಫೆಬ್ರವರಿ ೨೧, ಭಾನುವಾರ

ಪ್ರೀತಿಯ ಪಿಟೀಲು,

ನಿನ್ನ ಕಾಗದಕ್ಕೆ ಇಷ್ಟು ದಿನ ಉತ್ತರ ಬರೆಯಲಿಲ್ಲವೆಂದು ಮುಖ ಊದಿಸಿಕೊಂಡು ಕೂತಿರುತ್ತೀಯ. ಊದಿಸಿಕೋ, ನಿನ್ನ ಕೆನ್ನೆಗೆ ಅದು ಒಪ್ಪುತ್ತದೆ. ತಡವಾದದ್ದು ಸೋಮಾರಿತನದಿಂದಲ್ಲ. ತಂಗಿಯ ಈ ಅರಮನೆಯಲ್ಲಿ ಕೂತು ಬರೆಯಲು ನೆಟ್ಟಗಿನ ಒಂದು ಮೇಜಿಲ್ಲ. ಇರುವುದೆಲ್ಲ ಗಾಜಿನ ಮೇಜು, ಮೊಣಕಾಲೆತ್ತರದವು. ಮೇಲೊಂದು ಹೂದಾನಿ, ಬೆರಳಿಟ್ಟರೆ ಕಲೆಯಾಯಿತೆಂದು ಒರೆಸಲು ಓಡಿ ಬರುವ ತಂಗಿ. ಕಡೆಗೆ ಇಸ್ತ್ರಿ ಮಾಡುವ ಹಲಗೆಯನ್ನು ತಗ್ಗಿಸಿ, ಮಂಚದ ತುದಿಯಲ್ಲಿ ಕೂತು, ಎಡಗಾಲನ್ನು ದಿಂಬಿನ ಮೇಲಿಟ್ಟುಕೊಂಡು ಬರೆಯುತ್ತಿದ್ದೇನೆ. ಕಾಲಿಗೇನಾಯಿತು ಎಂದು ಈಗಲೇ ಗಾಬರಿ ಬೀಳಬೇಡ, ಹೇಳುತ್ತೇನೆ.

ನಿನ್ನ ಮಂಡಿ ಹೇಗಿದೆ? ಆ ಹೊಸ ಡಾಕ್ಟರು ಬರೆದುಕೊಟ್ಟ ಎಣ್ಣೆಯನ್ನು ಮಂಡಿಗೆ ಹಚ್ಚಬೇಡ, ಬಾಗಿಲ ಕೀಲಿಗೆ ಬಿಡು. ಬಾಗಿಲಾದರೂ ಗುಣವಾದೀತು.

ಮಗು ಹೇಗಿದ್ದಾಳೆ ಎಂದು ಕೇಳಿದ್ದೀಯ. ಮಗುವೇನು ಬಂತು, ನನಗಿಂತ ಗೇಣುದ್ದ ಎತ್ತರ ಬೆಳೆದಿದ್ದಾಳೆ, ಹಡಗು ಕಂಪನಿಯ ಆಫೀಸಿನಲ್ಲಿ ಕೆಲಸ, ಓಡಾಡಲು ಸ್ವಂತ ಕಾರು. ತಂಗಿ ಎದೆಯ ಕಾಯಿಲೆಯಿಂದ ವರ್ಷಗಟ್ಟಲೆ ಹಾಸಿಗೆ ಹಿಡಿದಾಗ ನಮ್ಮ ನರ್ಸ್ ಕ್ವಾರ್ಟರ್ಸಿಗೆ ಬಂದ ಹಸುಗೂಸು ಇದೇನಾ ಎನಿಸುತ್ತದೆ. ನನಗೆ ರಾತ್ರಿ ಪಾಳಿಯಾದರೆ ನಿನ್ನ ಮಗ್ಗುಲು, ನಿನಗಾದರೆ ನನ್ನ ಮಗ್ಗುಲು, ಇಬ್ಬರಿಗೂ ರಜವಾದರೆ ನಡುವೆ ಮಲಗಿ ಇಬ್ಬರನ್ನೂ ಒದೆಯುತ್ತ ಸ್ಕೂಲು ಸೇರುವಷ್ಟು ದೊಡ್ಡವಳಾದಳಲ್ಲ. ಈಗಲೂ “ದೊಡ್ಡಮ್ಮ” ಎಂದು ಕುತ್ತಿಗೆಗೆ ಜೋತುಬೀಳುತ್ತಾಳೆ. “ಪಿಟೀಲಮ್ಮ ಈಗಲೂ ಹಾಗೇ ಕೀರಲು ದನೀಲಿ ಮಾತಾಡ್ತಾರಾ?” ಎಂದು ಕೇಳಿದಳು. “ಅದಿಲ್ಲದಿದ್ರೆ ಅವಳು ಸತ್ತುಹೋಗಿರ್ತಾಳೆ” ಎಂದೆ.

ಇನ್ನು ಅವಳಪ್ಪ. ಬಚ್ಚಲುಮನೆಯ ನಲ್ಲಿ, ತೊಟ್ಟಿ, ಕನ್ನಡಿ ಮಾರಿ ದುಡ್ಡು ಮಾಡಿದ ಮಹಾನುಭಾವ. ಮನೆಯ ತುಂಬ ಬಚ್ಚಲುಗಳು. ಒಂದರಲ್ಲೂ ಟವೆಲ್ ನೇತುಹಾಕಲು ಒಂದು ಮೊಳೆಯಿಲ್ಲ. ನಲ್ಲಿ ತಿರುಗಿಸಿದರೆ ನೀರು ಬರುವುದಿಲ್ಲ, ಕೈ ಒಡ್ಡಬೇಕಂತೆ. ನಾನು ಒಡ್ಡುತ್ತೇನೆ. ಅದು ಬೇರೆ ಯಾರಿಗೋ ಕಾಯುವಂತೆ ಸುಮ್ಮನಿರುತ್ತದೆ.

ನಿನ್ನೆಯ ವಿಷಯಕ್ಕೆ ಬರುತ್ತೇನೆ. ಬೆಳಿಗ್ಗೆ ನಾನು ಮುಖ ತೊಳೆಯುವ ಮೊದಲೇ ತಂಗಿ ಟೀ ಹಿಡಿದುಕೊಂಡು ಬಂದಳು. ಅವಳು ಹಾಗೆಲ್ಲ ತರುವವಳಲ್ಲ.

“ಅಕ್ಕ, ಬಂದು ಎರಡು ವಾರ ಆಯ್ತು, ನೀನು ಊರೇ ನೋಡಿಲ್ಲವಲ್ಲ.”

“ಕಿಟಕಿಯಿಂದ ಕಾಣ್ತಿದೆ.”

“ಕಿಟಕಿಯಿಂದ ಏನು ಕಾಣತ್ತೆ? ಕೋಟೆ ಇದೆ, ದೀಪಸ್ತಂಭ ಇದೆ, ಸಮುದ್ರದ ದಡ ಇದೆ. ಜನ ಎಲ್ಲೆಲ್ಲಿಂದಲೋ ಬಂದು ನೋಡ್ತಾರೆ. ಇವತ್ತು ಸಂಜೆವರೆಗೂ ಆರಾಮಾಗಿ ಸುತ್ತಾಡ್ಕೊಂಡು ಬಾ.”

ಅಷ್ಟರಲ್ಲಿ ಮಗು ಒಂದು ಜೊತೆ ಬಿಳಿ ಬೂಟು ತಂದಳು, ಹೊಸದು. “ಈ ಊರನ್ನ ನಡೆದೇ ನೋಡಬೇಕು ದೊಡ್ಡಮ್ಮ. ಗಾಡೀಲಿ ಕೂತು ನೋಡಿದ್ರೆ ಏನೂ ದಕ್ಕಲ್ಲ” ಎಂದು ನೆಲದ ಮೇಲೆ ಮಂಡಿಯೂರಿ ತಾನೇ ನನಗೆ ತೊಡಿಸಿ ಲೇಸು ಕಟ್ಟಿದಳು. ಗಂಟು ಸಡಿಲ. ನಾನು ಕಲಿಸಿದ ಗಂಟು ಅದಲ್ಲ. ಆದರೂ ಈ ವಯಸ್ಸಿನಲ್ಲಿ ನನ್ನ ಕಾಲಿಗೆ ಬೂಟು ತೊಡಿಸುವವರು ಇನ್ಯಾರಿದ್ದಾರೆ? ಹೊರಟೆ.

ಪೇಟೆಯ ನಡುವೆ ಗಡಿಯಾರದ ಗೋಪುರವಿದೆ. ಮಗು ಅಲ್ಲಿ ನನ್ನನ್ನು ಕಾರಿನಿಂದ ಇಳಿಸಿ, ಊರು ತೋರಿಸುವ ಒಂದು ಗುಂಪಿಗೆ ಒಪ್ಪಿಸಿ, ಸಂಜೆ ಇಲ್ಲಿಂದಲೇ ಕರೆದುಕೊಂಡು ಹೋಗುತ್ತೇನೆಂದು ಹೇಳಿ ಹೋದಳು. ಗುಂಪಿನ ಮುಂದಾಳು ಮಡಚಿದ ಕೆಂಪು ಛತ್ರಿಯೊಂದನ್ನು ಬಾವುಟದಂತೆ ಎತ್ತಿ ಹಿಡಿದು ನಡೆಯುವ ಒಬ್ಬ ಕೃಶಕಾಯ. ನಾನವನಿಗೆ ಛತ್ರಿಯಪ್ಪ ಎಂದು ಹೆಸರಿಟ್ಟೆ. ಹಿಂದೆ ನಾವು ಹತ್ತಾರು ಮಂದಿ, ತಾಯಿಬಾತುಕೋಳಿಯ ಬೆನ್ನಿಗೆ ಬಿದ್ದ ಮರಿಗಳು.

ಮೊದಲ ಓಣಿಯಲ್ಲೇ ಒಂದು ಪಾಚಿಗಟ್ಟಿದ ಗೋಡೆಯ ಮುಂದೆ ನಿಲ್ಲಿಸಿ, ಕಣ್ಣು ಅರ್ಧ ಮುಚ್ಚಿ, “ಈ ಊರಿನ ಗೋಡೆಗಳು ಮಾತಾಡ್ತವೆ. ಸ್ವಲ್ಪ ಕಿವಿಗೊಟ್ಟು ಕೇಳಿ” ಎಂದ. ಎಲ್ಲರೂ ಕೇಳಿಸಿಕೊಳ್ಳುವ ಮುಖ ಮಾಡಿದರು. ಒಬ್ಬಾಕೆ ಗೋಡೆಗೆ ಕೆನ್ನೆಯನ್ನೇ ಆನಿಸಿದಳು.

“ಗೋಡೆ ಮಾತಾಡ್ತಿಲ್ಲಪ್ಪ, ಒದ್ದೆಯಾಗಿದೆ” ಎಂದೆ. “ಒಳಗೆ ಪೈಪ್ ಒಡೆದಿದೆ.”

ಆಕೆ ಕೆನ್ನೆ ತೆಗೆದು ಒರೆಸಿಕೊಂಡಳು.

ಮುಂದೆ ಒಂದು ಹಳೆಯ ಮನೆ, ಮುರಿದ ಮರದ ಬಾಲ್ಕನಿ. ಯಾವನೋ ವ್ಯಾಪಾರಿ ತನ್ನ ಪ್ರೇಯಸಿಗಾಗಿ ಕಟ್ಟಿಸಿದ್ದಂತೆ. ಅವನ ಹಡಗು ಮುಳುಗಿತಂತೆ. ಅವಳು ಆ ಬಾಲ್ಕನಿಯಲ್ಲಿ ನಿಂತು ದಾರಿ ಕಾಯುತ್ತ ಕಾಯುತ್ತ ನಿಂತಲ್ಲೇ ಪ್ರಾಣ ಬಿಟ್ಟಳಂತೆ. ಛತ್ರಿಯಪ್ಪನ ಗಂಟಲು ಗದ್ಗದವಾಯಿತು. ದಿನಾ ಎರಡು ಸಲ ಹೀಗೆ ಗದ್ಗದವಾಗುವ ಗಂಟಲಿಗೆ ಏನಾದರೂ ಔಷಧಿ ಬೇಕು.

“ನಿಂತುಕೊಂಡು ಯಾರೂ ಸಾಯಲ್ಲ” ಎಂದೆ. “ಬಿದ್ದು ಸಾಯ್ತಾರೆ, ಇಲ್ಲ ಮಲಗಿ ಸಾಯ್ತಾರೆ. ನಾನು ಬೇಕಾದಷ್ಟು ಸಾವು ನೋಡಿದ್ದೀನಿ.”

ಗುಂಪು ನಕ್ಕಿತು. ಅವನು ನಗಲಿಲ್ಲ. ಅಲ್ಲಿಂದ ಮುಂದೆ ನಾನು ಎಡಕ್ಕೆ ಬಂದರೆ ಅವನು ಬಲಕ್ಕೆ ಸರಿದ. ಕೋಟೆಯ ಬಾಗಿಲಲ್ಲಿ ನಾನು ಬೇಕೆಂದೇ ಹಿಂದೆ ಉಳಿದೆ. ತಲೆ ಎಣಿಸುವಾಗ ಒಂದು ಕಡಿಮೆಯಾದದ್ದು ಅವನಿಗೆ ಗೊತ್ತಾಯಿತು, ನಾನು ನೋಡುತ್ತಿದ್ದೆನಲ್ಲ. ಛತ್ರಿ ಎತ್ತಿಕೊಂಡು ಸರಸರನೆ ಹೋಗಿಬಿಟ್ಟ.

ಕೋಟೆಯೆಂದರೆ ಮೂರು ಗೋಡೆ, ಒಂದು ಟಿಕೆಟ್ ಕಿಟಕಿ. ನಾಲ್ಕನೆಯ ಗೋಡೆಯನ್ನು ಸಮುದ್ರ ತಿಂದಿದೆ. ಟಿಕೆಟ್ ಕಿಟಕಿಯನ್ನು ಯಾಕೆ ಬಿಟ್ಟಿತೋ ತಿಳಿಯದು. ಮೀನಿನ ಬಂದರಿಗೂ ಹೋದೆ. ಐಸು ಪುಡಿಮಾಡುವ ಯಂತ್ರದ ಸದ್ದು, ಹಗ್ಗ, ಬುಟ್ಟಿ, ನೆಲದ ತುಂಬ ಹೊಲಸು ನೀರು. ಅಲ್ಲಿ ದುಡಿಯುವವರಿಗೆ ತಲೆಯೆತ್ತಲು ಪುರುಸೊತ್ತಿಲ್ಲ. ನೋಡಲು ಬಂದವರು ಮಾತ್ರ ಒಂದು ಕೈಯಲ್ಲಿ ಮೂಗು ಮುಚ್ಚಿಕೊಂಡು ಇನ್ನೊಂದರಲ್ಲಿ ಫೋಟೋ ಹಿಡಿಯುತ್ತ ನಡುದಾರಿಯಲ್ಲಿ ನಿಂತಿದ್ದರು. ವಾಸನೆ ಬೇಡ, ಚಿತ್ರ ಬೇಕು.

ಆಮೇಲೆ ಸಮುದ್ರದ ದಡ. ದಡದುದ್ದಕ್ಕೂ ಸಿಮೆಂಟಿನ ಬೆಂಚುಗಳು, ಎಲ್ಲವೂ ರಸ್ತೆಗೆ ಮುಖಮಾಡಿ. ಸಮುದ್ರ ಯಾವ ಕಡೆ ಇದೆ ಎಂದು ಕಟ್ಟಿದವನಿಗೆ ಯಾರೂ ಹೇಳಿರಲಿಲ್ಲವೆಂದು ಕಾಣುತ್ತದೆ. ಜನ ಕತ್ತು ತಿರುಚಿಕೊಂಡು ಕೂತು ಆಹಾ ಎನ್ನುತ್ತಿದ್ದರು. ಸಮುದ್ರವನ್ನು ಕಂಡರೆ ನನಗೆ ನಮ್ಮ ವಾರ್ಡಿನ ಹಳೆಯ ಆಯಾ ನೆನಪಾಗುತ್ತಾಳೆ. ಒಂದೇ ಜಾಗವನ್ನು ಒರೆಸಿದ್ದೇ ಒರೆಸಿದ್ದು, ಶುದ್ಧವಾದದ್ದು ಮಾತ್ರ ಇಲ್ಲ.

ದೀಪಸ್ತಂಭವನ್ನು ಹತ್ತಿದೆ. ನಂಬು, ಹತ್ತಿದೆ. ಕೆಳಗೆ ಕೂತ ಕಾವಲುಗಾರ “ಅಜ್ಜಿ, ಮೆಟ್ಟಿಲು ಬಹಳ ಕಡಿದು” ಎಂದದ್ದಕ್ಕೇ ಹತ್ತಿದ್ದು. ನನ್ನ ಮುಂದೆ ಹೋಗುತ್ತಿದ್ದ ಧಡೂತಿ ಮನುಷ್ಯ ನಡುವೆ ಏದುಸಿರು ಬಿಡುತ್ತ ಕೂತ. “ಎದ್ದು ಕೆಳಗಿಳೀರಿ. ನಿಮ್ಮನ್ನ ಹೊರೋಕೆ ಇಲ್ಲಿ ಯಾರಿಗೂ ಶಕ್ತಿಯಿಲ್ಲ” ಎಂದೆ. ಇಳಿದ. ಮೇಲೆ ಒಬ್ಬರ ಪಕ್ಕ ಒಬ್ಬರು ಒತ್ತಿಕೊಂಡು ನಿಲ್ಲುವಷ್ಟು ಜಾಗ. ಹೊಸದಾಗಿ ಮದುವೆಯಾದ ಜೋಡಿಯೊಂದು ಕೈಯುದ್ದ ಚಾಚಿ ತಮ್ಮದೇ ಫೋಟೋ ತೆಗೆದುಕೊಳ್ಳುತ್ತಿತ್ತು.

“ಆಂಟಿ, ಸ್ವಲ್ಪ ಆ ಕಡೆ ಹೋಗ್ತೀರಾ? ಫೋಟೋದಲ್ಲಿ ನೀವೂ ಬರ್ತಿದ್ದೀರಿ.”

“ಎಲ್ಲಿಗಮ್ಮ ಹೋಗಲಿ? ಆ ಕಡೆ ಇರೋದು ಸಮುದ್ರ.”

ಹುಡುಗಿಯ ಮುಖ ಸಣ್ಣದಾಯಿತು. ನಾನು ಕೂತು, ಅವರ ಫೋಟೋ ಮುಗಿಯುವವರೆಗೆ ಲೇಸು ಬಿಗಿ ಮಾಡಿಕೊಂಡೆ.

ಊಟಕ್ಕೆ ಹೋದ ಹೋಟೆಲಿನ ಹಲಗೆಯ ಮೇಲೆ “ಈ ದಿನದ ತಾಜಾ ಮೀನು” ಎಂದು ಬಣ್ಣದಲ್ಲಿ ಬರೆಸಿದ್ದರು. ದಿನಾ ಅಳಿಸಿ ಬರೆಯುವ ಸೀಮೆಸುಣ್ಣದಲ್ಲಲ್ಲ, ಎಣ್ಣೆಬಣ್ಣದಲ್ಲಿ. ಬಡಿಸುವವನನ್ನು ಕೇಳಿದೆ. “ಇವತ್ತೇ ತೆಗೆದದ್ದು ಮೇಡಂ” ಎಂದ. “ಸಮುದ್ರದಿಂದಲಾ, ಫ್ರಿಜ್ಜಿನಿಂದಲಾ?” ಎಂದೆ. ಕೇಳಿಕೊಂಡು ಬರುತ್ತೇನೆಂದು ಒಳಗೆ ಹೋದವನು ಮತ್ತೆ ಬರಲಿಲ್ಲ, ಬೇರೊಬ್ಬನನ್ನು ಕಳಿಸಿದರು. ಅನ್ನ, ಮೊಸರು ತಿಂದು ಎದ್ದೆ.

ಅಷ್ಟು ಹೊತ್ತಿಗೆ ಹೊಸ ಬೂಟು ಎಡ ಹಿಮ್ಮಡಿಯನ್ನು ಕಚ್ಚಿ, ಬೊಕ್ಕೆ ಎದ್ದು ಒಡೆದಿತ್ತು. ಕಾಲು ದಿಂಬಿನ ಮೇಲಿರುವುದಕ್ಕೆ ಕಾರಣ ಇಷ್ಟೆ. ಮಧ್ಯಾಹ್ನದ ಮೇಲೆ ಹೇಳಿಕೊಳ್ಳುವಂಥದ್ದೇನೂ ನಡೆಯಲಿಲ್ಲ. ಗಡಿಯಾರದ ಗೋಪುರದ ಕಟ್ಟೆಯ ಮೇಲೆ ಕೂತಿದ್ದೆ. ಅದರ ನಾಲ್ಕು ಮುಖಗಳು ನಾಲ್ಕು ಹೊತ್ತು ತೋರಿಸುತ್ತವೆ, ಯಾರಿಗೂ ಅದರ ಖಬರಿಲ್ಲ. ಸಂಜೆ ಮಗು ಬಂದು ಕರೆದುಕೊಂಡು ಹೋದಳು. ಮನೆಯಲ್ಲಿ ಎಲ್ಲಿ ನೋಡಿದರೂ ಹೂವು. ತಂಗಿಯ ಗಂಡನ ವ್ಯಾಪಾರದವರು ಊಟಕ್ಕೆ ಬಂದಿದ್ದರಂತೆ. ಹೂವಿಟ್ಟು ನಲ್ಲಿ ಮಾರುವುದನ್ನು ಈ ಊರಿನಲ್ಲೇ ನೋಡಿದೆ.

ಹೀಗಿದೆ ನೋಡು, ಜನ ಎಲ್ಲೆಲ್ಲಿಂದಲೋ ಬಂದು ಬಾಯಿ ಬಿಡುವ ಊರು. ಉಪ್ಪು ಗಾಳಿ, ತುಕ್ಕು, ಸುಳ್ಳು. ಬರುವ ವಾರ ಹೊರಟು ಬರುತ್ತೇನೆ. ನನ್ನ ಹಾಸಿಗೆ ಬಿಸಿಲಿಗೆ ಹಾಕಿಸು.

ನಿನ್ನ ಮಂಡಿಗೂ, ಉಳಿದ ನಿನಗೂ ನನ್ನ ಆಶೀರ್ವಾದ. ನಾನು ನಿನಗಿಂತ ಮೂರು ತಿಂಗಳು ದೊಡ್ಡವಳು, ಹರಸುವ ಹಕ್ಕಿದೆ. ಹೊತ್ತುಹೊತ್ತಿಗೆ ಊಟ ಮಾಡು, ನೆಟ್ಟಗೆ ನಡೆ, ನನಗಿಂತ ಮೊದಲು ಸಾಯಬೇಡ.

ಇಂತು ನಿನ್ನ
ಸೂಜಿ

ತಾ.ಕ. ಲಕೋಟೆ ಅಂಟಿಸಿ ಮತ್ತೆ ಹರಿದೆ. ನಿನಗೆ ಅರ್ಧ ಹೇಳಿ ನನಗೆ ಅಭ್ಯಾಸವಿಲ್ಲ.

ಊಟವಾದ ಮೇಲೆ ಹಿಮ್ಮಡಿಯ ಉರಿ ತಡೆಯಲಾರದೆ ಬಸ್ಸು ಹತ್ತಿ ಮನೆಗೇ ಹೋಗಿದ್ದೆ. ಗೇಟಿನ ಮುಂದೆ ಕಾರುಗಳು ನಿಂತಿದ್ದವು. ನೆಂಟರಿದ್ದಾರೆ, ಕುಂಟಿಕೊಂಡು ಯಾಕೆ ನಡುವೆ ಹೋಗಲಿ ಎಂದು ಬೂಟು ಕೈಯಲ್ಲಿ ಹಿಡಿದು ಪಕ್ಕದ ದಾರಿಯಿಂದ ಅಡುಗೆಮನೆಯ ಬಾಗಿಲಿಗೆ ಬಂದೆ. ಅಲ್ಲಿಂದ ನಡುಮನೆ ಕಾಣುತ್ತದೆ.

ಮಗು ಹಸಿರು ರೇಷ್ಮೆ ಉಟ್ಟಿದ್ದಳು. ಒಬ್ಬ ಹುಡುಗ ಅವಳ ಬೆರಳಿಗೆ ಉಂಗುರ ತೊಡಿಸುತ್ತಿದ್ದ. ಎಲ್ಲರೂ ಚಪ್ಪಾಳೆ ತಟ್ಟಿದರು. ಹುಡುಗನ ತಾಯಿ ಇವಳ ಗಲ್ಲ ಹಿಡಿದು, “ನಿನ್ನ ಸಾಕಿದ ದೊಡ್ಡಮ್ಮ ಎಲ್ಲಮ್ಮ? ಅವರನ್ನ ನೋಡಬೇಕು ಅಂತಿದ್ದೆ” ಎಂದರು.

ತಂಗಿ ಬಾಯಿ ತೆರೆದಳು. ಅವಳಿಗಿಂತ ಮೊದಲು ಮಗುವೇ ಹೇಳಿದಳು. “ಅವರಿಗೆ ಬರೋಕೆ ಆಗಲಿಲ್ಲ ಅತ್ತೆ. ವಯಸ್ಸಾಯ್ತಲ್ಲ, ದೂರದ ಪ್ರಯಾಣ ಆಗಲ್ಲ.”

ನನಗೆ, ಬೆಳಿಗ್ಗೆ ದೀಪಸ್ತಂಭ ಹತ್ತಿ ಇಳಿದವಳಿಗೆ.

ಯಾಕೆಂದು ಊಹಿಸಲು ಕಷ್ಟವೇನಿಲ್ಲ. ಎರಡು ವರ್ಷದ ಹಿಂದೆ ಬಂದಿದ್ದ ಸಂಬಂಧ ನಿನಗೆ ಗೊತ್ತಲ್ಲ. ಆ ಹುಡುಗನ ಅಪ್ಪನಿಗೆ ಊಟದ ಮೇಜಿನಲ್ಲೇ “ನಿಮ್ಮ ಕಣ್ಣು ಹಳದಿಯಾಗಿದೆ, ಕುಡಿಯೋದು ಬಿಡಿ” ಎಂದಿದ್ದೆ. ಅವರು ಎದ್ದುಹೋದರು. ಆತ ಆ ವರ್ಷ ದಾಟಲಿಲ್ಲ. ನಾನು ಹೇಳಿದ್ದು ನಿಜವಾಯಿತು, ಅದಕ್ಕೇ ಈ ಮನೆಯಲ್ಲಿ ಯಾರೂ ನನ್ನನ್ನು ಕ್ಷಮಿಸಲಿಲ್ಲ.

ಬಾಗಿಲ ಮರೆಯಲ್ಲಿ ನಿಂತು ಈ ಹುಡುಗನನ್ನು ಚೆನ್ನಾಗಿ ನೋಡಿದೆ. ಕಣ್ಣು ಬೆಳ್ಳಗಿತ್ತು. ಉಗುರು ಶುದ್ಧ. ತಂಗಿಯ ಕೈಯಿಂದ ಟೀ ತಟ್ಟೆಯನ್ನು ತಾನೇ ಇಸಿದುಕೊಂಡು, ಮೊದಲು ಮುದುಕರಿಗೆ ಕೊಟ್ಟ. ಎಷ್ಟು ಹುಡುಕಿದರೂ ಒಂದು ಹುಳುಕು ಸಿಗಲಿಲ್ಲ ಕಣೇ. ನನ್ನನ್ನು ಒಳಗೆ ಕೂರಿಸಿದ್ದರೂ ಹೇಳಲು ನನ್ನ ಬಳಿ ಏನೂ ಇರಲಿಲ್ಲ. ಸುಮ್ಮನೆ ಕೂತಿರುತ್ತಿದ್ದೆ.

ಬಂದ ದಾರಿಯಲ್ಲೇ ಹೊರಬಂದು, ಬೂಟು ಹಾಕಿಕೊಂಡು, ಗಡಿಯಾರದ ಗೋಪುರದವರೆಗೆ ನಡೆದೆ. ಬಸ್ ಸ್ಟಾಪು ಅವರ ಗೇಟಿನ ಎದುರಿಗೇ ಇದೆ, ಅಲ್ಲಿ ನಿಂತರೆ ಕಾಣುತ್ತಿದ್ದೆ. ಸಂಜೆ ಮಗು ನನ್ನನ್ನು ಹುಡುಕಿಕೊಂಡು ಗೋಪುರಕ್ಕೇ ಬರುವವಳಲ್ಲವೇ, ನಾನಿಲ್ಲದಿದ್ದರೆ ಗಾಬರಿಯಾಗುತ್ತಾಳೆ. ಬಂದಳು. ಹಳೆಯ ಬಟ್ಟೆ ಹಾಕಿಕೊಂಡಿದ್ದಳು, ಬೆರಳು ಬರಿದಾಗಿತ್ತು. ಕಾರು ಹೊರಟ ಮೇಲೆ ನಗುತ್ತ ಕೇಳಿದಳು.

“ಹೇಗಿತ್ತು ದೊಡ್ಡಮ್ಮ ಊರು?”

“ಚೆನ್ನಾಗಿತ್ತು” ಎಂದೆ.

ಹುಟ್ಟಿದಾಗಿನಿಂದ ಅವಳು ನನ್ನ ಬಾಯಲ್ಲಿ ಆ ಮಾತು ಕೇಳಿದವಳಲ್ಲ. ನಗು ನಿಂತಿತು. ಕಾರನ್ನು ಹಾಗೇ ರಸ್ತೆಯಲ್ಲಿ ನಿಲ್ಲಿಸಿ ನನ್ನ ಮುಖ ನೋಡಿದಳು. ಹಿಂದಿನ ಗಾಡಿಯವರೆಲ್ಲ ಹಾರ್ನ್ ಬಾರಿಸಿ ಬಾರಿಸಿ ಬೈಯಲು ಶುರುಮಾಡುವವರೆಗೂ ಇಬ್ಬರೂ ಹಾಗೇ ಕೂತಿದ್ದೆವು.